ಮೇ 31, 2024ಕ್ಕೆ ನಿವೃತ್ತಿ: ಗ್ರಾಚ್ಯುಟಿ ಹಳೇ ವೇತನದ ಮೇಲೆಯೇ ನಿಲ್ಲಬೇಕಾ?

ಪ್ರಶ್ನೆ: ನಿವೃತ್ತ ಮುಖ್ಯ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. 1988ರಲ್ಲಿ ಸೇವೆಗೆ ಸೇರಿ 2024ರ ಮೇ 31ಕ್ಕೆ ನಿವೃತ್ತಿಯಾದೆ. ಕೊನೆಯ ಮೂಲ ವೇತನ 61,150 ರೂಪಾಯಿ. ನನ್ನ ಹಾಗೆ ರಾಜ್ಯದ 7ನೇ ವೇತನ ಆಯೋಗದ ಎರಡು ತಾರೀಖಿನ ನಡುವೆ ಸಿಕ್ಕಿಕೊಂಡವರು ಇಲ್ಲಿ ಇದ್ದೀರಿ ಅಂತ ತಿಳಿದು ಕೇಳುತ್ತಿದ್ದೇನೆ.

ವಿಷಯ ನಿಮಗೆಲ್ಲ ಗೊತ್ತಿರುವುದೇ. ಸುಧಾಕರ ರಾವ್ ಅವರ ಆಯೋಗದ ವರದಿ ಬಂತು. ಹೊಸ ವೇತನ 1-7-2022ರಿಂದಲೇ ಜಾರಿ ಅಂತ ಆಯ್ತು. ಆದರೆ ಹಣ ಕೈಗೆ ಬರುವುದು 1-8-2024ರಿಂದ. ನಡುವಿನ 25 ತಿಂಗಳು ಬರೀ ಕಾಲ್ಪನಿಕ, ಅಂದರೆ ಏರಿಕೆ ಲೆಕ್ಕದಲ್ಲಿ ಮಾತ್ರ, ಹಣ ಇಲ್ಲ. ಸೇವೆಯಲ್ಲಿ ಇರುವವರಿಗೆ ಇದರಿಂದ ಹೋಗುವುದು ಬಾಕಿ ಹಣ ಮಾತ್ರ. ಆ ನಡುವೆ ನಿವೃತ್ತಿಯಾದ ನಮಗೆ ಜೀವನದಲ್ಲಿ ಒಂದೇ ಸಲ ಬರುವ ಹಣವೇ ಕಡಿಮೆಯಾಗಿದೆ.

ಎ.ಜಿ. (ಮಹಾಲೇಖಪಾಲರ) ಕಚೇರಿಯಿಂದ ನಮಗೆ ಮೂರು ಪಾವತಿ ಆದೇಶ ಬರುತ್ತವಲ್ಲ, ಪೆನ್ಷನ್ನಿಗೆ ಪಿಪಿಒ, ಗ್ರಾಚ್ಯುಟಿಗೆ ಜಿಪಿಒ, ಕಮ್ಯುಟೇಶನ್‌ಗೆ ಸಿಪಿಒ. ಮೂರನ್ನೂ ಮುಂದೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮೂರರಲ್ಲೂ ಮೊದಲು 61,150ರ ಲೆಕ್ಕವೇ ಇತ್ತು. ಆಮೇಲೆ ಪೆನ್ಷನ್ ಒಂದಕ್ಕೆ ಪರಿಷ್ಕೃತ ಆದೇಶ ಬಂತು. 30,575 ಇದ್ದದ್ದು 48 ಸಾವಿರ ದಾಟಿತು. ಅದಕ್ಕೆ ನಾನು ಋಣಿ. ಆದರೆ ಗ್ರಾಚ್ಯುಟಿ ಮತ್ತು ಕಮ್ಯುಟೇಶನ್ ಹಾಳೆಗಳು ಹಳೇ ಅಂಕಿಯಲ್ಲೇ ನಿಂತಿವೆ. ಗಳಿಕೆ ರಜೆ ನಗದೀಕರಣವೂ ಅಷ್ಟೇ. ಒಬ್ಬಳೇ ಶಿಕ್ಷಕಿ, ಒಂದೇ ಸೇವಾ ಪುಸ್ತಕ, ನಿವೃತ್ತಿಯೂ ಒಂದೇ ದಿನ. ಪೆನ್ಷನ್ನಿಗೆ ನನ್ನ ಕೊನೆಯ ವೇತನ ಸುಮಾರು 97 ಸಾವಿರ, ಗ್ರಾಚ್ಯುಟಿಗೆ 61 ಸಾವಿರ. ಇದು ಹೇಗೆ ಸರಿ?

ಇನ್ನೊಂದು ಮಾತು ಹೇಳಬೇಕು. ದಾಖಲೆಯಲ್ಲಿ ನನ್ನ ಜನ್ಮ ದಿನಾಂಕ 1-6-1964. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಅರ್ಧ ಊರಿನ ಮಕ್ಕಳಿಗೆ ಜೂನ್ 1 ಅಂತಲೇ ಬರೆದುಬಿಡುತ್ತಿದ್ದರು. ಅವ್ವ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು ಸೀಗಿ ಹುಣ್ಣಿಮೆ ಆಸುಪಾಸಿಗೆ. ಅದನ್ನೇ ಬರೆದಿದ್ದರೆ ಅಕ್ಟೋಬರ್ ಕೊನೆಯವರೆಗೂ ಸೇವೆಯಲ್ಲಿ ಇರುತ್ತಿದ್ದೆ, ಎಲ್ಲವೂ ಹೊಸ ವೇತನದ ಮೇಲೆ ಸಿಗುತ್ತಿತ್ತು. ಜೂನ್ 1 ಅಂತ ಇದ್ದದ್ದರಿಂದ ಜೂನ್ ತಿಂಗಳೂ ಸಿಗಲಿಲ್ಲ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ ಅಂತ ನಿಯಮ ಇದೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿಯ ಜನ್ಮ ದಿನಾಂಕ ಆಗಸ್ಟ್‌ನಲ್ಲಿದೆ. ಅವಳಿಗೆ ಎಲ್ಲ ಹೊಸ ಲೆಕ್ಕ. ಅವಳಿಗೆ ಸಿಕ್ಕಿದ್ದಕ್ಕೆ ನನಗೆ ಖುಷಿಯೇ ಇದೆ. ಅವಳೂ ನಾನೂ ಒಂದೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದವರು, ಅದಕ್ಕೇ ಈ ವ್ಯತ್ಯಾಸ ನುಂಗಿಕೊಳ್ಳಲು ಆಗುತ್ತಿಲ್ಲ.

ಈಗ ಪ್ರಶ್ನೆ. ನಮ್ಮ ಕಡೆ ಒಬ್ಬರು "ಎಲ್ಲರೂ ಸೇರಿ ಹೈಕೋರ್ಟಿನಲ್ಲಿ ರಿಟ್ ಹಾಕೋಣ, ತಲೆಗೆ 3,000 ಕೊಡಿ" ಅಂತ ಹಣ ಕೂಡಿಸುತ್ತಿದ್ದಾರೆ. ರಸೀದಿ ಕೊಡುತ್ತಿಲ್ಲ, ವಕೀಲರ ಹೆಸರೂ ಹೇಳುತ್ತಿಲ್ಲ. ನಾನು ಕೊಡಬೇಕೇ? ಕೋರ್ಟಿನಲ್ಲಿ ಇದಕ್ಕೆ ಬಲ ಇದೆಯಾ? ಮಗಳ ಮದುವೆಗೆ ಮಾಡಿದ ಸೊಸೈಟಿ ಸಾಲ ಗ್ರಾಚ್ಯುಟಿಯಲ್ಲಿ ಪೂರ್ತಿ ತೀರುತ್ತದೆ ಅಂತ ಲೆಕ್ಕ ಹಾಕಿಕೊಂಡಿದ್ದೆ, ತೀರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ 1: ಖಜಾನೆ ಇಲಾಖೆಯಲ್ಲಿದ್ದವರು

ಮೇಡಂ, ನಮಸ್ಕಾರ. ರಸೀದಿ ಇಲ್ಲದೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಅದು ಮೊದಲನೇ ಮಾತು.

ಎರಡನೆಯದು, ಮೂರೂ ಹಣವನ್ನು ಒಂದೇ ಗಂಟಿಗೆ ಕಟ್ಟಬೇಡಿ. ಎಲ್ಲರೂ "ನಮಗೆ ಹದಿನೈದು ಲಕ್ಷ ಹೋಯ್ತು, ಇಪ್ಪತ್ತು ಲಕ್ಷ ಹೋಯ್ತು" ಅನ್ನುತ್ತಾರೆ. ಮೂರಕ್ಕೂ ಸ್ವಭಾವ ಬೇರೆ ಬೇರೆ.

ಕಮ್ಯುಟೇಶನ್ ತಗೊಳ್ಳಿ. ಇದು ನಿಮ್ಮದೇ ಪೆನ್ಷನ್ನಿನ ಮೂರನೇ ಒಂದು ಭಾಗವನ್ನು ಮುಂಗಡವಾಗಿ ಪಡೆಯುವುದು. ಅದಕ್ಕೆ ಪ್ರತಿಯಾಗಿ 15 ವರ್ಷ ಪ್ರತಿ ತಿಂಗಳು ಅಷ್ಟು ಹಣ ಕಡಿತವಾಗುತ್ತದೆ. ನಿಮ್ಮ ಹಳೇ ಪೆನ್ಷನ್ 30,575. ಅದರ ಮೂರನೇ ಒಂದು ಭಾಗ 10,191. ಈಗಲೂ ನಿಮಗೆ ಕಡಿತ ಆಗುತ್ತಿರುವುದು ಅಷ್ಟೇ. ಹೊಸ ಲೆಕ್ಕದಲ್ಲಿ 61,150ಕ್ಕೆ 1-7-2022ರಲ್ಲಿದ್ದ 31% ತುಟ್ಟಿಭತ್ಯೆ, 27.5% ಫಿಟ್‌ಮೆಂಟ್ (ಆಯೋಗ ಕೊಟ್ಟ ಏರಿಕೆ) ಸೇರಿದರೆ 96,900ರ ಆಸುಪಾಸು. ಪೆನ್ಷನ್ 48,460. ಅದರ ಮೂರನೇ ಒಂದು ಭಾಗ 16,154. ಅಂದರೆ ಹೊಸ ಲೆಕ್ಕದಲ್ಲಿ ಕಮ್ಯುಟೇಶನ್ ಕೊಟ್ಟಿದ್ದರೆ ದೊಡ್ಡ ಗಂಟು ಬರುತ್ತಿತ್ತು ನಿಜ, ಆದರೆ ತಿಂಗಳಿಗೆ ಇನ್ನೂ 5,963 ಕಡಿತವಾಗುತ್ತಿತ್ತು. ಆ ಹಣ ಈಗ ನಿಮ್ಮ ಕೈಗೇ ಬರುತ್ತಿದೆ. 15 ವರ್ಷಕ್ಕೆ ಅದೇ 10 ಲಕ್ಷ 73 ಸಾವಿರ ಆಗುತ್ತದೆ. ಸಾಲ ತೀರಿಸಲು ಒಟ್ಟಿಗೆ ಹಣ ಬೇಕಿದ್ದವರಿಗೆ ತೊಂದರೆ ಆಗಿದೆ, ಒಪ್ಪುತ್ತೇನೆ. ಆದರೆ ಇದನ್ನು ಪೂರ್ತಿ ನಷ್ಟ ಅಂತ ಅರ್ಜಿಯಲ್ಲಿ ಬರೆದರೆ ಎದುರಿನವರು ಮೊದಲು ಇದನ್ನೇ ಹಿಡಿಯುತ್ತಾರೆ. ಉಳಿದ ನ್ಯಾಯವಾದ ಬೇಡಿಕೆಯ ಬಲವೂ ಕಡಿಮೆಯಾಗುತ್ತದೆ.

ಗಳಿಕೆ ರಜೆಗೆ ವೇತನದ ಜೊತೆ ತುಟ್ಟಿಭತ್ಯೆಯೂ ಸೇರುತ್ತದೆ. ಹಾಗಾಗಿ ಅಲ್ಲಿ ಅಂತರ ಅಷ್ಟು ದೊಡ್ಡದಲ್ಲ. ನೀವು ಹೋಗುವಾಗ ಹಳೇ ವೇತನಕ್ಕೆ 42.5% ತುಟ್ಟಿಭತ್ಯೆ ಇತ್ತು. 61,150ಕ್ಕೆ ಅದು ಸೇರಿ ತಿಂಗಳಿಗೆ 87 ಸಾವಿರ ಚಿಲ್ಲರೆ. ಹೊಸದರಲ್ಲಿ 96,900ಕ್ಕೆ 8.5% ಸೇರಿ 1 ಲಕ್ಷ 5 ಸಾವಿರ. ಅಂತರ ಒಂದು ತಿಂಗಳ ರಜೆಗೆ 18 ಸಾವಿರ. ಪೂರ್ತಿ 300 ದಿನ ಉಳಿಸಿಕೊಂಡ ಕಚೇರಿ ನೌಕರರಿಗೆ 1 ಲಕ್ಷ 80 ಸಾವಿರದವರೆಗೆ ಹೋಗುತ್ತದೆ. ಬೇಸಿಗೆ ರಜೆ, ದಸರಾ ರಜೆ ಇರುವ ಶಿಕ್ಷಕರ ಖಾತೆಯಲ್ಲಿ ಗಳಿಕೆ ರಜೆ ಅಷ್ಟು ಕೂಡಿರುವುದಿಲ್ಲ. ನಿಮ್ಮ ಸೇವಾ ಪುಸ್ತಕದಲ್ಲಿ ಎಷ್ಟು ದಿನ ಇತ್ತೋ ಅಷ್ಟಕ್ಕೇ ಲೆಕ್ಕ ಹಾಕಿ.

ಉಳಿದದ್ದು ಗ್ರಾಚ್ಯುಟಿ. ನಿಜವಾದ ನಷ್ಟ ಇದೇ. ಸೇವೆಯ ಪ್ರತಿ ಆರು ತಿಂಗಳಿಗೆ ಕೊನೆಯ ವೇತನದ ಕಾಲು ಭಾಗ, ಮೇಲೆ ಒಂದು ಗರಿಷ್ಠ ಮಿತಿ. ಇದು ಯಾವ ಮುಂಗಡವೂ ಅಲ್ಲ, ಮುಂದೆ ಕಡಿತ ಆಗುವುದೂ ಇಲ್ಲ. ನಿಮ್ಮ ಜೋರು ಪೂರ್ತಿ ಇದರ ಮೇಲೆ ಇರಲಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಪರಿಷ್ಕೃತ ಪೆನ್ಷನ್ ಮೇಲೆ ತುಟ್ಟಿಭತ್ಯೆ ಪೂರ್ತಿ 48,460ಕ್ಕೆ ಬರುತ್ತಿದೆಯೋ ಅಥವಾ ಕಡಿತ ಕಳೆದು ಉಳಿದ ಮೊತ್ತಕ್ಕೆ ಮಾತ್ರ ಬರುತ್ತಿದೆಯೋ ನೋಡಿ. ಪೂರ್ತಿ ಪೆನ್ಷನ್ ಮೇಲೆ ಬರಬೇಕು. 1-7-2024ರಿಂದ 10.75%, 1-1-2025ರಿಂದ 12.25% ಇತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಿ ಗುಣಿಸಿ ನೋಡಿ. ಬ್ಯಾಂಕಿನಲ್ಲಿ ಪಾವತಿಯಾಗುವ ಪೆನ್ಷನ್ನುಗಳಲ್ಲಿ ಈ ತಪ್ಪನ್ನು ನಾನು ಕೆಲಸದಲ್ಲಿದ್ದಾಗ ಬಹಳ ನೋಡಿದ್ದೇನೆ.

ಉತ್ತರ 2: ಇಲಾಖೆಯೊಂದರ ಕಾನೂನು ಶಾಖೆಯಿಂದ ನಿವೃತ್ತ

ಖಜಾನೆ ಸಾರ್ ಹೇಳಿದ್ದು ಸರಿಯಾಗಿದೆ. ಕೋರ್ಟಿನ ಭಾಗ ನಾನು ಹೇಳುತ್ತೇನೆ. ಸಿಹಿ ಮಾತು ಹೇಳಿ ಕಳಿಸುವುದು ನನಗೆ ಇಷ್ಟ ಇಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯ ನೇರ ಹೈಕೋರ್ಟಿಗೆ ಹೋಗುವುದಿಲ್ಲ. ಮೊದಲು ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. ಸುಪ್ರೀಂ ಕೋರ್ಟು 1997ರ ಎಲ್. ಚಂದ್ರಕುಮಾರ್ ತೀರ್ಪಿನಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಅಲ್ಲಿ ಸೋತರೆ ಆಮೇಲೆ ಹೈಕೋರ್ಟು. ಹಾವೇರಿಯವರಿಗೆ ಬೆಂಗಳೂರಿಗಿಂತ ಬೆಳಗಾವಿ ಪೀಠ ಹತ್ತಿರ. ಹೈಕೋರ್ಟಿನಲ್ಲಿ ರಿಟ್ ಹಾಕುತ್ತೇನೆ ಅಂತ ಹಣ ಎತ್ತುವವರಿಗೆ ಈ ಮೊದಲ ಮೆಟ್ಟಿಲೇ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ.

ಈಗ ಬಲದ ವಿಚಾರ. ನಮ್ಮವರೆಲ್ಲ ಮೊದಲು ಹೇಳುವುದು ಸುಪ್ರೀಂ ಕೋರ್ಟಿನ ನಾಕರಾ ತೀರ್ಪು. 1982ರ ಡಿಸೆಂಬರ್ 17ರ ತೀರ್ಪು ಅದು. ಆ ದಿನವನ್ನೇ ನಾವು ಪಿಂಚಣಿದಾರರ ದಿನ ಅಂತ ಆಚರಿಸುತ್ತೇವೆ. ಪೆನ್ಷನ್ ಭಿಕ್ಷೆ ಅಲ್ಲ, ದುಡಿದ ಸೇವೆಯ ಹಕ್ಕು ಅಂತ ಅದು ಹೇಳಿತು. ಒಂದೇ ವರ್ಗದ ಪಿಂಚಣಿದಾರರನ್ನು ಒಂದು ತಾರೀಖು ಇಟ್ಟು ಎರಡು ಮಾಡಬಾರದು ಅಂತಲೂ ಹೇಳಿತು. 2019ರಲ್ಲಿ ಮಣಿಪುರದ ಪಿಂಚಣಿದಾರರ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಇದೇ ದಾರಿ ಹಿಡಿಯಿತು. ಹಣ ಇಲ್ಲ ಅನ್ನುವ ಕಾರಣಕ್ಕೆ ಹಳಬರಿಗೊಂದು ಹೊಸಬರಿಗೊಂದು ಪೆನ್ಷನ್ ಪರಿಷ್ಕರಣೆ ಮಾಡುವಂತಿಲ್ಲ ಅಂದಿತು.

ಆದರೆ ಇವೆರಡೂ ಪೆನ್ಷನ್ ಬಗ್ಗೆ. ಗ್ರಾಚ್ಯುಟಿ ವಿಷಯದಲ್ಲಿ ಸುಪ್ರೀಂ ಕೋರ್ಟಿನ ನಿಲುವು ಬೇರೆ. ಅದು ಒಂದೇ ಸಲ ಕೊಟ್ಟು ಮುಗಿಸುವ ಹಣ, ಪೆನ್ಷನ್ನಿನ ಹಾಗೆ ತಿಂಗಳು ತಿಂಗಳು ನಡೆಯುವುದಲ್ಲ ಅಂತ 1988ರಲ್ಲೇ ಹೇಳಿದೆ. 2005ರ ಅಮರನಾಥ ಗೋಯಲ್ ಪ್ರಕರಣದಲ್ಲಿ ಹೆಚ್ಚಿಸಿದ ಗ್ರಾಚ್ಯುಟಿಯನ್ನು 1-4-1995ರಂದು ಅಥವಾ ನಂತರ ನಿವೃತ್ತರಾದವರಿಗೆ ಮಾತ್ರ ಕೊಟ್ಟದ್ದನ್ನು ಎತ್ತಿ ಹಿಡಿಯಿತು. ಆರ್ಥಿಕ ಹೊರೆ ನೋಡಿ ತಾರೀಖು ಇಡುವುದು ತಪ್ಪಲ್ಲ ಅಂದಿತು. ನಿಮ್ಮ ವಿರುದ್ಧ ಸರ್ಕಾರಿ ವಕೀಲರು ಮೊದಲು ತೆಗೆಯುವುದು ಈ ತೀರ್ಪನ್ನೇ.

ಹಾಗಂತ ಬಾಗಿಲು ಮುಚ್ಚಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಒಂದು ಒಳ್ಳೆಯ ವಾದ ಇದೆ. ಇಲ್ಲಿ ಹೊಸ ವೇತನ ಜಾರಿಯಾದ ತಾರೀಖೇ 1-7-2022. ಆ ದಿನ ನೀವು ಸೇವೆಯಲ್ಲಿದ್ದಿರಿ. ನಿಯಮದ ಪ್ರಕಾರವೇ ನಿಮ್ಮ ವೇತನ ನಿಗದಿಯಾಗಿದೆ, ಅದೇ ವೇತನದ ಮೇಲೆ ಪೆನ್ಷನ್ ಕೊಟ್ಟಿದ್ದಾರೆ. ಹೊಸ ಸೌಲಭ್ಯವನ್ನು ಹಿಂದಕ್ಕೆ ಎಳೆದು ಕೊಡಿ ಅಂತ ನೀವು ಕೇಳುತ್ತಿಲ್ಲ. ಒಪ್ಪಿಕೊಂಡ ವೇತನವನ್ನೇ ಉಳಿದ ಲೆಕ್ಕಕ್ಕೂ ಹಿಡಿಯಿರಿ ಅನ್ನುತ್ತಿದ್ದೀರಿ. ಗೋಯಲ್ ಪ್ರಕರಣಕ್ಕೂ ಇದಕ್ಕೂ ಇರುವ ಅಂತರ ಇಷ್ಟೇ. ಗೆಲುವು ಖಂಡಿತ ಅಂತ ನಾನು ಹೇಳುವುದಿಲ್ಲ, ಹೇಳುವವರನ್ನು ನಂಬಲೂ ಬೇಡಿ. ಆದರೆ ನಿಲ್ಲಬಹುದಾದ ವಾದ ಇದು.

ಗಡುವು ಮರೆಯಬೇಡಿ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಲ್ಲಿ, ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬರದಿದ್ದರೆ ಅಲ್ಲಿಂದ ಇನ್ನೊಂದು ವರ್ಷ. ತಡವಾಗಿದ್ದರೆ ವಿಳಂಬ ಮನ್ನಿಸಿ ಅಂತ ಕಾರಣ ಸಮೇತ ಬೇರೆ ಅರ್ಜಿ ಹಾಕಬೇಕಾಗುತ್ತದೆ. ಯಾರದೋ ಪಟ್ಟಿಯಲ್ಲಿ ಸಹಿ ಹಾಕಿದ್ದು ಮನವಿ ಆಗುವುದಿಲ್ಲ. ನಿಮ್ಮ ಹೆಸರಿನಲ್ಲಿ, ನಿಮ್ಮ ಅಂಕಿ ಹಾಕಿ, ಸ್ವೀಕೃತಿ ಮುದ್ರೆ ಇರುವ ಪ್ರತಿ ನಿಮ್ಮ ಹತ್ತಿರ ಇರಬೇಕು.

ಉತ್ತರ 3: ಅನುದಾನಿತ ಪ್ರೌಢಶಾಲೆಯ ನಿವೃತ್ತ ಶಿಕ್ಷಕ, ಧಾರವಾಡ

ಅಕ್ಕೋರೆ, ನಿಮ್ಮ ನೋವು ನಮಗೆ ಚೆನ್ನಾಗಿ ಅರ್ಥ ಆಗುತ್ತದೆ. ನಮ್ಮದು ಇನ್ನೊಂದು ತಾರೀಖಿನ ಕಥೆ. ಶಾಲೆ ಅನುದಾನಕ್ಕೆ ಒಳಪಡುವ ಮೊದಲು ಸಂಸ್ಥೆ ಕೊಟ್ಟಷ್ಟು ತಗೊಂಡು ವರ್ಷಗಟ್ಟಲೆ ಪಾಠ ಮಾಡಿದೆವು. ಆ ಸೇವೆಯನ್ನು ವೇತನಕ್ಕೆ, ಪೆನ್ಷನ್ನಿಗೆ ಹಿಡಿಯಬೇಕು ಅಂತ ನಮ್ಮ ಬೇಡಿಕೆ. ಕೆಲವರು ಕೋರ್ಟಿನಲ್ಲಿ ಆದೇಶವನ್ನೂ ತಂದರು. ಆಮೇಲೆ 2014ರಲ್ಲಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ನಿಯಂತ್ರಿಸುವ ಕಾಯ್ದೆಯನ್ನೇ ಸದನದಲ್ಲಿ ಪಾಸು ಮಾಡಿದರು. ಅನುದಾನಕ್ಕೆ ಮೊದಲಿನ ಸೇವೆ ಲೆಕ್ಕಕ್ಕಿಲ್ಲ ಅಂತಾಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಕೋರ್ಟಿನ ದಾರಿ ಹಿಡಿದರೂ ಸದನದ ದಾರಿ ಬಿಡಬೇಡಿ. ನಿಮ್ಮದು ಇನ್ನೂ ನಿಯಮದ ಮಟ್ಟದಲ್ಲೇ ಇದೆ, ಒಂದು ಸರ್ಕಾರಿ ಆದೇಶದಲ್ಲಿ ಸರಿ ಮಾಡಬಹುದು. ಬರೀ ಸಂಘದ ಮೇಲೆ ಬಿಟ್ಟು ಕೂರಬೇಡಿ. ಸಂಘಗಳಲ್ಲಿ ಸೇವೆಯಲ್ಲಿರುವವರ ಬೇಡಿಕೆಗೇ ಜಾಸ್ತಿ ಒತ್ತು, ಅದು ಸಹಜ. ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರು ಇರುವುದೇ ಇದಕ್ಕೆ. ಅವರ ಕೈಗೆ ಒಂದು ಹಾಳೆಯ ಲೆಕ್ಕ ಕೊಡಿ. ಸದನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಲಿಖಿತ ಉತ್ತರ ಸಿಗುವ ಪ್ರಶ್ನೆ ಕೇಳಿಸಿ. 1-7-2022ರಿಂದ 31-7-2024ರ ನಡುವೆ ಎಷ್ಟು ಜನ ನಿವೃತ್ತರಾದರು, ಗ್ರಾಚ್ಯುಟಿ ವ್ಯತ್ಯಾಸ ಒಟ್ಟು ಎಷ್ಟು ಅಂತ ಲಿಖಿತ ಉತ್ತರ ಬಂದರೆ ಮುಂದೆ ಕೆಎಟಿಯಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ಉತ್ತರ 4: ಎನ್‌ಪಿಎಸ್ ನೌಕರ, ತುಮಕೂರು

ದೊಡ್ಡವರ ಮಧ್ಯೆ ಮಾತಾಡುತ್ತಿದ್ದೇನೆ, ಕ್ಷಮಿಸಿ. 1-4-2006ರಂದು ಅಥವಾ ನಂತರ ಸೇರಿದವರಿಗೆ ಹಳೇ ಪೆನ್ಷನ್ ಬದಲು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ). ನನ್ನ ಅಧಿಸೂಚನೆ ಆ ತಾರೀಖಿಗೂ ಮೊದಲಿನದು, ನೇಮಕಾತಿ ಆದೇಶ ಕೈಗೆ ಬಂದದ್ದು ನಂತರ. ನಮ್ಮಂಥವರು ಹಳೇ ಪೆನ್ಷನ್ನಿಗಾಗಿ ವರ್ಷಾನುಗಟ್ಟಲೆ ಮನವಿ ಕೊಟ್ಟೆವು. 2024ರ ಜನವರಿಯಲ್ಲಿ ಸರ್ಕಾರ ಆದೇಶ ಮಾಡಿತು. ತಾರೀಖಿನ ಅನ್ಯಾಯ ಆದೇಶದಿಂದಲೇ ಸರಿಹೋದ ಉದಾಹರಣೆ ಇದು ಮೇಡಂ. ನಿಮ್ಮ ಮನವಿಯಲ್ಲಿ ಇದನ್ನೂ ಬರೆಯಿರಿ.

ಇನ್ನೊಂದು. ಇಲ್ಲಿ ಓದುತ್ತಿರುವವರಲ್ಲಿ ಜೂನ್ 30ಕ್ಕೋ ಡಿಸೆಂಬರ್ 31ಕ್ಕೋ ನಿವೃತ್ತರಾದವರು ಇದ್ದರೆ ಬೇರೆಯೇ ಒಂದು ವಿಷಯ ಇದೆ. ಮರುದಿನ ಬರಬೇಕಿದ್ದ ವಾರ್ಷಿಕ ವೇತನ ಬಡ್ತಿ (ಇಂಕ್ರಿಮೆಂಟ್) ನಿಮಗೆ ಸಿಕ್ಕಿದೆಯಾ ನೋಡಿ. ನಮ್ಮದೇ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ನೌಕರರ ಪ್ರಕರಣದಲ್ಲಿ 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ವರ್ಷ ಪೂರ್ತಿ ದುಡಿದ ಮೇಲೆ ಮರುದಿನ ಸೇವೆಯಲ್ಲಿಲ್ಲ ಅಂತ ಬಡ್ತಿ ತಪ್ಪಿಸುವಂತಿಲ್ಲ ಅಂತ. ಒಂದು ಬಡ್ತಿ ಅಂದರೆ ಪೆನ್ಷನ್ ಬದುಕಿರುವವರೆಗೂ ಏರುತ್ತದೆ.

ಪ್ರಶ್ನೆ ಕೇಳಿದವರು: ನಿವೃತ್ತ ಮುಖ್ಯ ಶಿಕ್ಷಕಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. 3,000 ಕೊಡುವುದಿಲ್ಲ ಅಂತ ಅವರಿಗೆ ತಿಳಿಸಿದೆ. ಪಾಸ್‌ಬುಕ್ ನೋಡಿದೆ, ತುಟ್ಟಿಭತ್ಯೆ ಪೂರ್ತಿ ಪೆನ್ಷನ್ ಮೇಲೆಯೇ ಬರುತ್ತಿದೆ. ನಮ್ಮ ತಾಲ್ಲೂಕಿನಲ್ಲೇ ಈ ಅವಧಿಯಲ್ಲಿ ನಿವೃತ್ತರಾದ ಶಿಕ್ಷಕರು ಬಹಳ ಜನ ಇದ್ದಾರೆ. ಕೆಲವರಿಗೆ ಕಣ್ಣು ಮಂಜು, ಕೆಲವರಿಗೆ ಈ ಲೆಕ್ಕ ತಲೆಗೆ ಹತ್ತುವುದಿಲ್ಲ. ಅವರ ಕಾಗದಗಳನ್ನು ತರಿಸಿಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆ ನಾನೇ ಬರೆದು ಕೊಡುತ್ತೇನೆ. ಕಮ್ಯುಟೇಶನ್ ಬೇಡಿಕೆಯನ್ನು ಪೂರ್ತಿ ಬಿಟ್ಟುಬಿಡಬೇಕಾ? ಗುಂಪಿನಲ್ಲಿ ಅದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಒಬ್ಬರಿಗಂತೂ ಹೆಂಡತಿಯ ಡಯಾಲಿಸಿಸ್‌ಗೆ ಈಗಲೇ ಒಟ್ಟಿಗೆ ಹಣ ಬೇಕು.

ಉತ್ತರ 1ರವರು ಮತ್ತೆ

ಬಿಡಬೇಡಿ ಮೇಡಂ, ಅದನ್ನು ಆಯ್ಕೆಯಾಗಿ ಕೇಳಿ. "ಇಚ್ಛೆ ಇದ್ದವರಿಗೆ ಪರಿಷ್ಕೃತ ಪೆನ್ಷನ್ ಮೇಲೆ ವ್ಯತ್ಯಾಸದ ಕಮ್ಯುಟೇಶನ್ ಪಡೆಯಲು ಅವಕಾಶ ಕೊಡಿ, ಅದಕ್ಕೆ ತಕ್ಕ ಕಡಿತಕ್ಕೆ ಒಪ್ಪಿಗೆ ಇದೆ" ಅಂತ ಒಂದು ಸಾಲು. ಆಗ ಡಯಾಲಿಸಿಸ್ ಇರುವ ಮನೆಯವರಿಗೂ ದಾರಿ ಉಳಿಯುತ್ತದೆ. ಬೇಡದವರಿಗೆ ತಿಂಗಳ ಹಣ ಹಾಗೇ ಬರುತ್ತದೆ.

ಮೊದಲ ಬೇಡಿಕೆ ಗ್ರಾಚ್ಯುಟಿ ವ್ಯತ್ಯಾಸ, ಎರಡನೆಯದು ಗಳಿಕೆ ರಜೆ ವ್ಯತ್ಯಾಸ, ಮೂರನೆಯದು ಇದು. ಪ್ರತಿ ಹಾಳೆಯ ಮೇಲ್ಭಾಗದಲ್ಲಿ ಪಿಪಿಒ ಸಂಖ್ಯೆ, ನಿವೃತ್ತಿ ದಿನಾಂಕ, ಹಳೇ ಮೂಲ ವೇತನ, 1-7-2022ಕ್ಕೆ ನಿಗದಿಯಾದ ಹೊಸ ವೇತನ, ನಿವೃತ್ತಿ ದಿನದ ಹೊಸ ವೇತನ ಬರೆಯಿರಿ. ವೇತನ ನಿಗದಿ ತಃಖ್ತೆಯ ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಸಿಗುತ್ತದೆ, ಅದನ್ನು ಹಿಂದೆ ಪಿನ್ ಮಾಡಿ. ಗಳಿಕೆ ರಜೆ ಹಣ ಇಲಾಖೆಯಿಂದ ಮಂಜೂರಾದದ್ದು, ಗ್ರಾಚ್ಯುಟಿ ಎ.ಜಿ. ಕಚೇರಿಯಿಂದ ಬಂದದ್ದು, ಆದರೆ ಅದರ ನಿಯಮ ಆರ್ಥಿಕ ಇಲಾಖೆಯದು. ಹಾಗಾಗಿ ಒಂದು ಪ್ರತಿ ನಿವೃತ್ತಿ ಸಮಯದ ಡಿಡಿಒ (ವೇತನದ ಬಿಲ್ಲು ಮಾಡುವ ಅಧಿಕಾರಿ) ಮೂಲಕ ಇಲಾಖೆಗೆ, ಇನ್ನೊಂದು ಆರ್ಥಿಕ ಇಲಾಖೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಂಚೆ ರಸೀದಿಯನ್ನು ಪಿಪಿಒ ಜೊತೆಗೇ ಇಡಲು ಎಲ್ಲರಿಗೂ ಹೇಳಿ.